ಇಲಿಜ್ವರ: ರೋಗಾಣುವಿನ ಗುರುತು

ಐನಾಪುರದ ತೊಗರಿ ಹೊಲದಲ್ಲಿ ಮಳೆನೀರು ನಿಂತಾಗ,
ಬರಿಗಾಲಿನ ರೈತನಿಗೂ ಆತನ ಆಕಳಿಗೂ
ಒಂದೇ ರೋಗಾಣು ತಗಲಬಲ್ಲದೇ?

ಇಲಿ ಮತ್ತು ದನಗಳ ಮೂತ್ರದಿಂದ ನೀರು ಸೇರುವ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ
ಚರ್ಮದ ಸಣ್ಣ ಗಾಯದಿಂದಲೂ ಒಳಹೊಕ್ಕು,
ಮನುಷ್ಯನಿಗೆ ಇಲಿಜ್ವರ ತರುತ್ತದೆ;
ಗಬ್ಬದ ಆಕಳು ಕಂದು ಹಾಕಲೂಬಹುದು.

ಅದರ ಹೊರಪೊರೆಯಲ್ಲಿ ಲಿಪ್‌ಎಲ್ 32 ಎಂಬ ಪ್ರೋಟೀನ್ ಹೇರಳವಾಗಿದ್ದು,
ರುಮಾಲು ಕಂಡೇ ಪರವೂರಿನವನನ್ನು ಗುರುತಿಸುವಂತೆ ದೇಹವು ಅದನ್ನು ಗುರುತಿಸಿ,
ಪ್ರತಿಕಾಯಗಳನ್ನು, ಅಂದರೆ ಅದಕ್ಕೆ ಅಂಟಿಕೊಳ್ಳುವ ರಕ್ತದ ಪ್ರೋಟೀನ್‌ಗಳನ್ನು, ತಯಾರಿಸುತ್ತದೆ.

ಆದರೆ ಗುರುತಿಸಿದ ಮಾತ್ರಕ್ಕೆ ರಕ್ಷಣೆ ಸಿಗದು:
ಈ ಪ್ರತಿಕಾಯಗಳು ರೋಗಪತ್ತೆಗೆ ಬಹಳ ನೆರವಾದರೂ,
ಅವುಗಳಿಂದಷ್ಟೇ ರೋಗವನ್ನು ತಡೆಯಲಾಗದು ಎಂಬುದು
ಲಸಿಕೆ ಹುಡುಕುವವರ ಮುಂದಿರುವ ಒಂದು ತೊಡಕು.

ಹಾಗಾಗಿ ಮಳೆಗಾಲದಲ್ಲಿ ಜ್ವರದೊಡನೆ ಮೀನಖಂಡದ ನೋವು, ಕೆಂಗಣ್ಣು ಕಾಣಿಸಿದರೆ,
ಕೆಸರಿನಲ್ಲಿ ದುಡಿದದ್ದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.