ಪರವಾನಗಿಯ ಗಾಂಜಾ: ಬೆಂಗಳೂರು ದಂಡಿನ ಒಂದು ಅಬ್ಕಾರಿ ಸರಕಿನ ಗುಣವಿಚಾರ

ಗಾಂಜಾ ಎಂಬ ಹೆಸರನ್ನು ಇಂದು ನಾವು ಕೇಳುವುದು ಬಹುಮಟ್ಟಿಗೆ ಪೋಲೀಸು ಠಾಣೆಯ ಮತ್ತು ನ್ಯಾಯಾಲಯದ ಸುದ್ದಿಗಳಲ್ಲಿ. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ೨೦೧೪ರ ಜನವರಿ ೧ರಿಂದಲೂ, ಕೆನಡಾ ದೇಶದಲ್ಲಿ ೨೦೧೮ರ ಅಕ್ಟೋಬರ್ ೧೭ರಿಂದಲೂ ಇದನ್ನು ಪರವಾನಗಿಯ ಅಂಗಡಿಗಳಲ್ಲಿ ಮಾರಲಾಗುತ್ತಿದೆ. ಅಲ್ಲಿಯ ಗ್ರಾಹಕರು ಇಂಥ ಬೆಳೆಗಾರನ ಇಂಥ ತಳಿಯು ವಾಸನೆಯಲ್ಲಿ ಹೇಗೆ, ಅಮಲಿನಲ್ಲಿ ಹೇಗೆ ಎಂದು ಗುಣದೋಷಗಳನ್ನು ಬರೆದು ಪ್ರಕಟಿಸುವುದೂ ಉಂಟು. ಇದೆಲ್ಲ ನಮ್ಮ ಊರಿಗೆ ಸಂಬಂಧಪಡದ ಹೊಸ ವಿಚಿತ್ರವೆಂದು ತೋರುವುದು ಸಹಜ. ವಸ್ತುಸ್ಥಿತಿ ಹಾಗಿಲ್ಲ. ಬ್ರಿಟಿಷರ ಕಾಲದಲ್ಲಿ ಈ ಸರಕು ಪರವಾನಗಿಯುಳ್ಳ ಹೊಲದಲ್ಲಿ ಬೆಳೆದು, ಸರ್ಕಾರದ ಉಗ್ರಾಣದಲ್ಲಿ ತೂಗಿಸಿಕೊಂಡು, ಸುಂಕ ತೆತ್ತು, ತೊಲದ ಲೆಕ್ಕದಲ್ಲಿ ಬಿಕರಿಯಾಗುತ್ತಿದ್ದಿತು. ಅದರ ಗುಣವನ್ನು ಪರೀಕ್ಷಿಸುವವರೂ ಇದ್ದರು. ಆ ಪರೀಕ್ಷೆಗಳು ಯಾವುವು, ಅವುಗಳಿಂದ ಇಂದಿಗೆ ಉಳಿದು ಬಂದುದೇನು ಎಂಬುದನ್ನು ಬೆಂಗಳೂರಿನ ದಂಡುಪ್ರದೇಶವನ್ನು ಮುಂದಿಟ್ಟುಕೊಂಡು ವಿಚಾರಿಸುವುದೇ ಈ ಲೇಖನದ ಉದ್ದೇಶ.

೧. ಹೆಸರು ಮತ್ತು ವಸ್ತು

ಒಂದೇ ಗಿಡದಿಂದ ಮೂರು ಸರಕುಗಳು ಹುಟ್ಟುತ್ತವೆ. ಎಲೆಯನ್ನು ಒಣಗಿಸಿ, ಅರೆದು, ಹಾಲು ಸಕ್ಕರೆಗಳೊಡನೆ ಕುಡಿಯುವಂತೆ ಮಾಡಿದರೆ ಅದು ಭಂಗಿ. ಹೆಣ್ಣು ಗಿಡದ ಹೂವಿನ ತೆನೆಯನ್ನು ಅಂಟಿನೊಡನೆ ಒಣಗಿಸಿದರೆ ಅದು ಗಾಂಜಾ. ಅಂಟನ್ನೇ ಬೇರ್ಪಡಿಸಿ ಉಂಡೆ ಕಟ್ಟಿದರೆ ಅದು ಚರಸ್. ಈ ಮೂರರಲ್ಲಿ ಅಮಲು ಒಂದಕ್ಕಿಂತ ಒಂದರಲ್ಲಿ ಹೆಚ್ಚು. ಕನ್ನಡಕ್ಕೆ ಹಳೆಯ ಬಳಕೆಯ ಮಾತು ಭಂಗಿಯೇ. ೧೮೯೪ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟ್ಟೆಲರ ನಿಘಂಟಿನಲ್ಲಿಯೂ ಆ ಪದವುಂಟು. ಜನರ ಮಾತಿನಲ್ಲಿ ಭಂಗಿ ಕುಡಿಯುವುದೂ ಉಂಟು, ಭಂಗಿ ಸೇದುವುದೂ ಉಂಟು. ಸೇದುವುದು ಎಲೆಯನ್ನಲ್ಲ, ತೆನೆಯನ್ನು. ಎಂದರೆ ಬಳಕೆಯ ಮಾತು ಎಲೆಯನ್ನೂ ತೆನೆಯನ್ನೂ ಒಂದೇ ಹೆಸರಿನಲ್ಲಿ ಕರೆದರೂ ಬಳಸುವವರು ಅವೆರಡನ್ನು ಎಂದೂ ಒಂದೆಂದು ಎಣಿಸಿರಲಿಲ್ಲ. ಈ ಅಂತರವನ್ನು ಓದುಗರು ನೆನಪಿನಲ್ಲಿಡಬೇಕು; ಮುಂದಿನ ವಿಚಾರವೆಲ್ಲ ಇದರ ಮೇಲೆಯೇ ನಿಂತಿದೆ.

೨. ದಂಡು ಮತ್ತು ಅದರ ಸುತ್ತಣ ನಾಡು

ಬೆಂಗಳೂರಿನ ದಂಡು ೧೮೦೯ರಲ್ಲಿ ಹಲಸೂರಿನ ಬಳಿ ನೆಲೆಗೊಂಡಿತು. ೧೮೮೧ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗ ಈ ಪ್ರದೇಶವನ್ನು ಬ್ರಿಟಿಷರು ತಮ್ಮ ಕೈಯಲ್ಲೇ ಉಳಿಸಿಕೊಂಡು, ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಎಂಬ ಹೆಸರಿನಿಂದ ರೆಸಿಡೆಂಟರ ಮೂಲಕ ಆಳಿದರು. ೧೯೪೭ರ ಜುಲೈ ತಿಂಗಳಲ್ಲಿ ಅದು ಮೈಸೂರಿಗೆ ಮರಳಿತು. ೧೯೪೯ರಲ್ಲಿ ಪೇಟೆಯೂ ದಂಡೂ ಒಂದೇ ನಗರಸಭೆಯ ಆಡಳಿತಕ್ಕೆ ಸೇರಿದುವು. ಹೀಗೆ ೬೬ ವರ್ಷಗಳ ಕಾಲ ಹಲಸೂರು ಮತ್ತು ಈಗ ಶಿವಾಜಿನಗರವೆನಿಸಿಕೊಳ್ಳುವ ಬ್ಲಾಕ್‌ಪಲ್ಲಿ ಒಂದು ಆಳ್ವಿಕೆಯಲ್ಲಿದ್ದುವು. ಪೂರ್ವಕ್ಕೆ ಕೆಲವೇ ಮೈಲಿಗಳ ದೂರದ ಕೃಷ್ಣರಾಜಪುರ ಇನ್ನೊಂದರಲ್ಲಿದ್ದಿತು. ಇಂದಿರಾನಗರವೆಂಬ ಬಡಾವಣೆ ೧೯೭೦ರ ದಶಕದ್ದು. ಅದಕ್ಕೆ ಮುಂಚೆ ಆ ಕಡೆ ಬಿನ್ನಮಂಗಲ ಮೊದಲಾದ ಹಳ್ಳಿಗಳಿದ್ದುವು.

೧೮೯೧ರ ಜನಗಣತಿಯ ವೇಳೆಗೆ ಸ್ಟೇಷನ್ನಿನ ಜನಸಂಖ್ಯೆ ಸುಮಾರು ೧ ಲಕ್ಷ. ಪೇಟೆಯದು ಅದಕ್ಕಿಂತ ಕಡಿಮೆ, ಸುಮಾರು ೮೦ ಸಾವಿರ. ಸಿಪಾಯಿಗಳು, ಅವರ ಹಿಂದೆ ಬಂದ ತಮಿಳು ವರ್ತಕರು, ಕೂಲಿಕಾರರು, ಉರ್ದು ಮಾತಿನ ಕಸುಬುದಾರರು, ಕನ್ನಡದ ಮತ್ತು ತೆಲುಗಿನ ಒಕ್ಕಲಿಗರು ಇಲ್ಲಿ ಒಟ್ಟಿಗೆ ಬಾಳುತ್ತಿದ್ದರು. ೧೮೬೪ರಲ್ಲಿ ಜೋಲಾರಪೇಟೆಯಿಂದ ದಂಡಿಗೆ ರೈಲು ಬಂದಿತು. ಆ ದಾರಿಯ ಒಂದು ತುದಿ ಜವ್ವಾದಿ ಬೆಟ್ಟಗಳ ನೆರೆಯಲ್ಲಿದ್ದರೆ, ಇನ್ನೊಂದು ತುದಿ ದಂಡಿನ ನಡುವೆ. ಮಾಲೂರು, ಕೃಷ್ಣರಾಜಪುರಗಳು ನಡುವಣ ನಿಲ್ದಾಣಗಳು. ಜವ್ವಾದಿ ಬೆಟ್ಟವನ್ನು ಇಲ್ಲಿ ಹೆಸರಿಸಲು ಕಾರಣವುಂಟು. ಮದ್ರಾಸು ಆಧಿಪತ್ಯದಲ್ಲಿ ಗಾಂಜಾ ಬೇಸಾಯವನ್ನು ಕಡೆಗೆ ಎರಡೇ ಎಡೆಗಳಿಗೆ ಸೀಮಿತಗೊಳಿಸಲಾಯಿತು. ಒಂದು, ತೆಲುಗುನಾಡಿನ ಕರಾವಳಿಯ ಸಂತರಾವೂರು; ಇನ್ನೊಂದು, ಉತ್ತರ ಆರ್ಕಾಟಿನ ಈ ಬೆಟ್ಟಸೀಮೆ.

೩. ಬೆಳೆಗಾರನ ಪರೀಕ್ಷೆ

ಬೆಳೆಗಾರನ ಪಾಲಿಗೆ ಒಳ್ಳೆಯ ಗಾಂಜಾ ಎಂದರೆ ಬೀಜವಿಲ್ಲದ ಗಾಂಜಾ. ಈ ಜಾತಿಯಲ್ಲಿ ಗಂಡು ಗಿಡವೇ ಬೇರೆ, ಹೆಣ್ಣು ಗಿಡವೇ ಬೇರೆ. ಗಂಡಿನ ಪರಾಗ ತಾಕಿದ ಕೂಡಲೆ ಹೆಣ್ಣು ಗಿಡ ಬೀಜ ಕಟ್ಟತೊಡಗುತ್ತದೆ. ಪರಾಗ ದೊರೆಯದಿದ್ದರೆ ತೆನೆಯ ಮೇಲೆ ತೆನೆ ಬಿಟ್ಟು ಅಂಟನ್ನು ಸುರಿಸುತ್ತ ಹೋಗುತ್ತದೆ. ಆದುದರಿಂದ ಗಂಡು ಗಿಡಗಳನ್ನು ಹೂವರಳುವ ಮುನ್ನ ಗುರುತಿಸಿ ಕಿತ್ತೊಗೆಯುವುದೇ ಈ ಬೇಸಾಯದ ಮರ್ಮ.

ಈ ಕೌಶಲ ಪರಾಕಾಷ್ಠೆಗೆ ಮುಟ್ಟಿದುದು ಬಂಗಾಳದ ನೌಗಾಂವಿನಲ್ಲಿ. ಅಲ್ಲಿ ಆಗಸ್ಟಿನಲ್ಲಿ ಮಡಿಗೆ ಬೀಜ ಹಾಕಿ, ಸೆಪ್ಟೆಂಬರಿನಲ್ಲಿ ಪೈರು ಕಿತ್ತು ನೆಟ್ಟು, ನವೆಂಬರಿನ ವೇಳೆಗೆ ಪೋದ್ದಾರನೆಂಬ ಅನುಭವಿಯನ್ನು ಕೂಲಿಗೆ ಕರೆತರುತ್ತಿದ್ದರು. ಅವನ ಕೆಲಸ ಒಂದೇ: ಸಾಲುಸಾಲಾಗಿ ನಡೆದು, ಗಂಡು ಗಿಡಗಳನ್ನು ಆರಿಸಿ ತೆಗೆಯಿಸುವುದು. ಅವನ ಕಣ್ಣು ತಪ್ಪಿದರೆ ಇಡೀ ಹೊಲದ ಬೆಲೆ ಇಳಿಯುತ್ತಿದ್ದಿತು. ಫೆಬ್ರವರಿಯಲ್ಲಿ ಕೊಯ್ದ ಬೆಳೆಯನ್ನು ಕಾಲಿನಿಂದ ತುಳಿದು ಚಪ್ಪಟೆ ಮಾಡಿದರೆ ಅದು ಒಂದು ದರ್ಜೆ. ಉರುಳಿಸಿ ದುಂಡಗೆ ಮಾಡಿದರೆ ಇನ್ನೊಂದು. ಕಡ್ಡಿಯಿಂದ ಉದುರಿದ ಬರಿಯ ತೆನೆಯ ಚೂರು ಮೂರನೆಯದು. ೧೯೧೭ರಲ್ಲಿ ಅಲ್ಲಿಯ ಬೆಳೆಗಾರರು ತಮ್ಮದೇ ಸಹಕಾರ ಸಂಘವನ್ನೂ ಕಟ್ಟಿಕೊಂಡರು. ಇಷ್ಟು ಕಟ್ಟುನಿಟ್ಟಾಗಿ ಗಂಡು ಗಿಡಗಳನ್ನು ತೆಗೆಯದ ಕಡೆಗಳಲ್ಲಿ ಬೀಜ, ಎಲೆ, ಕಡ್ಡಿಗಳು ತೆನೆಯೊಡನೆ ಬೆರೆತು ಬರುವುದು ಅನಿವಾರ್ಯ. ತೂಕ ಅಷ್ಟೇ ಇದ್ದರೂ ಸತ್ವ ಕಡಿಮೆಯಾಗುತ್ತಿದ್ದಿತು.

೪. ಅಬ್ಕಾರಿಯ ಪರೀಕ್ಷೆ

ಸರ್ಕಾರಕ್ಕೆ ಬೇಕಾಗಿದ್ದುದು ಸುಂಕ. ಆದರೆ ಸುಂಕವನ್ನು ನ್ಯಾಯವಾಗಿ ಕಟ್ಟಬೇಕಾದರೆ ತೂಕದಲ್ಲಿ ಕಡ್ಡಿಯೆಷ್ಟು, ತೆನೆಯೆಷ್ಟು ಎಂಬುದನ್ನು ಅರಿಯಲೇಬೇಕಾಯಿತು. ಬಂಗಾಳದ ಅಬ್ಕಾರಿಯವರು ಇದಕ್ಕಾಗಿ ದರ್ಜೆಗೊಂದು ದರವನ್ನು ಗೊತ್ತುಮಾಡಿದರು. ಕಡ್ಡಿ ಹೆಚ್ಚಿರುವ ಚಪ್ಪಟೆ ಗಾಂಜಾಕ್ಕೆ ಕಡಿಮೆ, ದುಂಡನೆಯದಕ್ಕೆ ಅದಕ್ಕಿಂತ ಹೆಚ್ಚು, ಕಡ್ಡಿಯೇ ಇಲ್ಲದ ಚೂರಿಗೆ ಎಲ್ಲಕ್ಕಿಂತ ಹೆಚ್ಚು. ಲಾಭದ ಲೆಕ್ಕದಿಂದ ಹುಟ್ಟಿದರೂ ಈ ಏರ್ಪಾಡಿನಲ್ಲಿ ಒಂದು ವಿವೇಕವಿದ್ದಿತು. ಗಿಡದ ಭಾರವೇ ಅಮಲಿನ ಭಾರವಲ್ಲವೆಂಬುದನ್ನು ಅದು ಒಪ್ಪಿಕೊಂಡಿದ್ದಿತು.

ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಎದ್ದ ಪ್ರಶ್ನೆಯ ಫಲವಾಗಿ ೧೮೯೩ರಲ್ಲಿ ಭಾರತ ಸರ್ಕಾರ ಮ್ಯಾಕ್‌ವರ್ತ್ ಯಂಗ್ ಎಂಬವರ ಅಧ್ಯಕ್ಷತೆಯಲ್ಲಿ ಒಂದು ಆಯೋಗವನ್ನು ನೇಮಿಸಿತು. ಅದು ೭೦ ಪ್ರಶ್ನೆಗಳನ್ನು ಸಿದ್ಧಪಡಿಸಿ ೧,೧೯೩ ಸಾಕ್ಷಿಗಳ ಹೇಳಿಕೆಯನ್ನು ಪಡೆಯಿತು. ಸರಕಿನ ಮಾದರಿಗಳ ರಾಸಾಯನಿಕ ಪರೀಕ್ಷೆಯೂ ನಡೆಯಿತು. ಉದಕಮಂಡಲದಲ್ಲಿದ್ದ ಮದ್ರಾಸು ಸರ್ಕಾರದ ಸಿಂಕೋನಾ ರಸಾಯನಜ್ಞ ಡೇವಿಡ್ ಹೂಪರ್ ಇದರಲ್ಲಿ ಪಾಲುಗೊಂಡರು. ೧೮೯೪ರ ವರದಿಯಲ್ಲಿ ಆಯೋಗ ತಳೆದ ನಿಲುವು ಪೂರ್ಣ ನಿಷೇಧದ ಪರವಾಗಿರಲಿಲ್ಲ. ಮಿತವಾದ ಬಳಕೆಯಿಂದ ಗಮನಾರ್ಹ ಹಾನಿಯಿಲ್ಲ, ಅತಿಯಾದ ಬಳಕೆ ಕೆಡುಕು, ಆದುದರಿಂದ ಬೇಸಾಯವನ್ನು ಪರವಾನಗಿಗೆ ಒಳಪಡಿಸಿ, ಸುಂಕವನ್ನು ಏರಿಸಿ, ಅಂಗಡಿಗಳನ್ನು ಮಿತಗೊಳಿಸಬೇಕೆಂಬುದು ಅದರ ಸಾರಾಂಶ. ಒಬ್ಬನು ಇಟ್ಟುಕೊಳ್ಳಬಹುದಾದ ಮಿತಿಯಾಗಿ ಅದು ಸೂಚಿಸಿದುದು ಗಾಂಜಾದಲ್ಲಿ ೫ ತೊಲ, ಭಂಗಿಯಲ್ಲಿ ಕಾಲು ಸೇರು. ಇಂದಿನ ತೂಕದಲ್ಲಿ ಸುಮಾರು ೫೮ ಗ್ರಾಂ ಮತ್ತು ೨೩೩ ಗ್ರಾಂ. ಎಲೆಗೆ ತೆನೆಯ ನಾಲ್ಕು ಪಟ್ಟು ಅವಕಾಶ ಕೊಟ್ಟುದನ್ನು ಓದುಗರು ಗಮನಿಸಬೇಕು.

೫. ಸೇದುವವನ ಮತ್ತು ವೈದ್ಯನ ಪರೀಕ್ಷೆ

ಸೇದುವವನಿಗೆ ರಸಾಯನಶಾಲೆಯಿಲ್ಲ, ಅವನ ಅಂಗೈಯೇ ಪರೀಕ್ಷಾಸ್ಥಳ. ತೆನೆಯನ್ನು ಅಂಗೈಯಲ್ಲಿಟ್ಟು, ನೀರು ಚಿಮುಕಿಸಿ ಉಜ್ಜಿ, ತೊಳೆದು, ಹೆಚ್ಚಿ, ಹೊಗೆಸೊಪ್ಪಿನೊಡನೆ ಬೆರೆಸಿ ಚಿಲುಮೆಗೆ ತುಂಬುವುದು ನಾಡಿನಲ್ಲೆಲ್ಲ ಕಂಡುಬಂದ ಕ್ರಮ. ಉಜ್ಜುವಾಗಲೇ ಅಂಟು, ವಾಸನೆ, ಬೀಜದ ಕಾಳು ಕೈಗೆ ತಿಳಿಯುತ್ತವೆ. ಬೈರಾಗಿಗಳು, ಗೋಸಾಯಿಗಳು, ದಣಿವಾರಿಸಿಕೊಳ್ಳುವ ಕೂಲಿಕಾರರು ಇದರ ಮುಖ್ಯ ಬಳಕೆದಾರರೆಂದು ಆಯೋಗ ಕಂಡುಕೊಂಡಿತು. ಶಿವಪೂಜೆಯೊಡನೆ ಇದಕ್ಕಿದ್ದ ನಂಟನ್ನೂ ಅದು ವಿಸ್ತಾರವಾಗಿ ದಾಖಲಿಸಿತು. ಕರ್ನಾಟಕದಲ್ಲಿ ಈ ನಂಟು ಪೂರ್ಣವಾಗಿ ಕಡಿದುಹೋಗಿಲ್ಲ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಸನ್ನಿಧಿಯಲ್ಲಿ ಇದನ್ನು ಪ್ರಸಾದವೆಂದು ಭಾವಿಸುವ ಭಕ್ತರ ವಿಚಾರ ೨೦೨೦ರಲ್ಲಿಯೂ ಪತ್ರಿಕೆಗಳಲ್ಲಿ ಬಂದಿತು.

ವೈದ್ಯರ ಪರೀಕ್ಷೆ ಬೇರೊಂದು ಬಗೆಯದು. ಗಾಂಜಾ ಸೇದಿದವನು ಹುಚ್ಚನಾಗುತ್ತಾನೆಂಬ ನಂಬಿಕೆ ಆಗ ಬಲವಾಗಿದ್ದಿತು. ಇದಕ್ಕೆ ಆಧಾರ ಹುಚ್ಚರ ಆಸ್ಪತ್ರೆಗಳ ಅಂಕಿಗಳು. ಬೆಂಗಳೂರಿನಲ್ಲಿಯೂ ೧೮೪೭ರಿಂದ ಇಂತಹ ಆಸ್ಪತ್ರೆಯೊಂದಿದ್ದಿತು. ಇಂದಿನ ನಿಮ್ಹಾನ್ಸ್ ಸಂಸ್ಥೆಯ ಮೂಲ ಅದೇ. ಆಯೋಗವು ೧೮೯೨ರಲ್ಲಿ ಬ್ರಿಟಿಷ್ ಭಾರತದ ಆಸ್ಪತ್ರೆಗಳಿಗೆ ಸೇರಿದ ೧,೩೪೪ ರೋಗಿಗಳ ಕಾಗದಪತ್ರಗಳನ್ನು ತರಿಸಿಕೊಂಡಿತು. ಅವುಗಳಲ್ಲಿ ೨೨೨ ಮಂದಿಗೆ ಕಾರಣ ಗಾಂಜಾ ಎಂದು ಬರೆದಿದ್ದಿತು. ಒಂದೊಂದನ್ನೂ ಮರುವಿಚಾರಿಸಿದಾಗ ಉಳಿದುದು ೯೮. ಬೇರೆ ಯಾವ ಕಾರಣವೂ ಕಾಣದೆ ಕೇವಲ ಇದೊಂದೇ ಕಾರಣವೆಂದು ಹೇಳಬಹುದಾದವು ೬೧. ಕಾರಣ ಸರಳವಾದುದು. ರೋಗಿಯನ್ನು ಕರೆತಂದ ಪೋಲೀಸಿನವನು ಬರೆಯಿಸಿದ ಒಂದು ಮಾತು ವೈದ್ಯರ ದಾಖಲೆಗೆ ಹಾಗೆಯೇ ಇಳಿದು, ಅಲ್ಲಿಂದ ವಾರ್ಷಿಕ ಅಂಕಿಯಾಗಿ ಏರಿದ್ದಿತು. ಇತಿಹಾಸದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಆಕರವಿಮರ್ಶೆಯ ಪಾಠ ದೊರೆಯುವುದು ಅಪರೂಪ. ಹಾಗೆಂದು ಈ ಪದಾರ್ಥ ನಿರಪಾಯಕರವೆಂದು ನಾವು ಹೇಳುತ್ತಿಲ್ಲ. ೧೯೬೪ರಲ್ಲಿ ಇಸ್ರೇಲಿನ ಮೆಶೂಲಮ್ ಮತ್ತು ಗಾವೋನಿ ಎಂಬ ವಿಜ್ಞಾನಿಗಳು ಇದರ ಅಮಲಿನ ಅಂಶವಾದ ಟಿ.ಎಚ್.ಸಿ.ಯನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅದು ಅಧಿಕವಾಗಿರುವ ತಳಿಗಳನ್ನು ಎಳೆಯ ವಯಸ್ಸಿನಲ್ಲಿ ದಿನವೂ ಸೇದುವವರಿಗೆ ಮನೋವಿಕಾರದ ಅಪಾಯ ಹೆಚ್ಚೆಂಬುದು ಇಂದಿನ ವೈದ್ಯಶಾಸ್ತ್ರದ ಮತ.

೬. ಕಾನೂನಿನಲ್ಲಿ ಎಲೆ ಮತ್ತು ತೆನೆ

೧೯೩೦ರ ಅಪಾಯಕರ ಔಷಧಿಗಳ ಶಾಸನ ಎಲೆ, ಸಣ್ಣ ಕಡ್ಡಿ, ತೆನೆ ಮೂರನ್ನೂ ಒಂದೇ ವ್ಯಾಖ್ಯೆಯಲ್ಲಿ ಸೇರಿಸಿತು. ೧೯೬೧ರ ಅಂತರರಾಷ್ಟ್ರೀಯ ಒಪ್ಪಂದ ಅವನ್ನು ಮತ್ತೆ ಬೇರ್ಪಡಿಸಿತು: ಹೂ ಅಥವಾ ಕಾಯಿ ಬಿಟ್ಟ ತೆನೆ ನಿಷಿದ್ಧ, ತೆನೆಯಿಲ್ಲದ ಎಲೆಯೂ ಬೀಜವೂ ಆ ವ್ಯಾಖ್ಯೆಯ ಹೊರಗೆ. ಜನರು ಎನ್.ಡಿ.ಪಿ.ಎಸ್. ಕಾಯಿದೆಯೆಂದು ಕರೆಯುವ ೧೯೮೫ರ ಶಾಸನ ಇದೇ ಭೇದವನ್ನು ಸ್ವೀಕರಿಸಿ, ಎಲೆಯನ್ನು ರಾಜ್ಯಗಳ ಅಬ್ಕಾರಿ ನಿಯಮಗಳಿಗೆ ಬಿಟ್ಟಿತು. ೨೦೨೨ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಬೆಂಗಳೂರಿನ ಒಂದು ಜಾಮೀನು ಪ್ರಕರಣದಲ್ಲಿ, ಭಂಗಿ ಈ ಶಾಸನದ ನಿಷೇಧಕ್ಕೆ ಒಳಪಡುವುದಿಲ್ಲವೆಂದು ಅಭಿಪ್ರಾಯಪಟ್ಟಿತು.

ಈ ಭೇದ ಪಂಡಿತರ ಸೂಕ್ಷ್ಮವಷ್ಟೇ ಅಲ್ಲ. ಇಂದಿನ ಕಾನೂನಿನಲ್ಲಿ ಗಾಂಜಾ ೧ ಕಿಲೋಗ್ರಾಂ ವರೆಗೆ ಅಲ್ಪ ಪ್ರಮಾಣ. ಶಿಕ್ಷೆ ೧ ವರ್ಷದ ವರೆಗೆ. ೨೦ ಕಿಲೋಗ್ರಾಂ ಮೀರಿದರೆ ವಾಣಿಜ್ಯ ಪ್ರಮಾಣ. ಶಿಕ್ಷೆ ೧೦ ವರ್ಷಕ್ಕೆ ಕಡಿಮೆಯಿಲ್ಲದೆ ೨೦ ವರ್ಷದ ವರೆಗೆ. ವಶಪಡಿಸಿಕೊಂಡ ಮೂಟೆಯನ್ನು ಕಡ್ಡಿ, ಎಲೆ, ಬೀಜ ಸಮೇತ ತೂಗಿದರೆ ಒಂದು ಲೆಕ್ಕ. ತೆನೆಯನ್ನು ಬಿಡಿಸಿ ತೂಗಿದರೆ ಇನ್ನೊಂದು. ಇವೆರಡರ ನಡುವಣ ಅಂತರ ಒಬ್ಬ ಮನುಷ್ಯನ ಆಯುಷ್ಯದ ಹಲವು ವರ್ಷಗಳಾಗಬಹುದು. ನ್ಯಾಯಾಲಯಗಳಲ್ಲಿ ವಕೀಲರು ಇಂದು ಎತ್ತುವ ಈ ಪ್ರಶ್ನೆಯನ್ನು ನೂರು ವರ್ಷಗಳ ಹಿಂದೆ ಅಬ್ಕಾರಿಯ ಗುಮಾಸ್ತನು ಸುಂಕಕ್ಕಾಗಿ ಎತ್ತಿದ್ದನು, ಮತ್ತು ದರ್ಜೆಗಳನ್ನು ಕಟ್ಟಿ ಉತ್ತರವನ್ನೂ ಕೊಟ್ಟಿದ್ದನು.

ಉಪಸಂಹಾರ

ಮೇಲಿನ ವಿಚಾರದಿಂದ ನಾವು ಮುಟ್ಟುವ ನಿರ್ಣಯ ಇಷ್ಟು. ಕಾನೂನು ಒಂದು ಸರಕಿಗೆ ಅನುಮತಿ ಕೊಟ್ಟಾಗ ಅದರೊಡನೆ ದರ್ಜೆ, ತೂಕ, ಹೆಸರುಗಳೂ ಹುಟ್ಟುತ್ತವೆ. ಅನುಮತಿಯನ್ನು ಹಿಂತೆಗೆದುಕೊಂಡಾಗ ಸರಕು ಉಳಿದು ಹೆಸರುಗಳು ಮಾಯವಾಗುತ್ತವೆ. ಕೆನಡಾದ ಅಂಗಡಿಯ ಡಬ್ಬಿಯ ಮೇಲೆ ಟಿ.ಎಚ್.ಸಿ. ಪ್ರಮಾಣವನ್ನು ಅಚ್ಚು ಮಾಡುವುದು ನೌಗಾಂವಿನ ಉಗ್ರಾಣದ ದರ್ಜೆಪಟ್ಟಿಯ ಮುಂದುವರಿಕೆಯೇ. ನಮ್ಮ ದಂಡುಪ್ರದೇಶದಲ್ಲಿ ಭಂಗಿ, ಗಾಂಜಾ, ಚರಸ್‌ಗಳ ಅಂತರವನ್ನು ಒಮ್ಮೆ ಚಿಲುಮೆ ತುಂಬುವ ಬೈರಾಗಿಯೂ ಬಲ್ಲವನಾಗಿದ್ದನು. ಆ ಸಾಮಾನ್ಯ ಜ್ಞಾನವು ಮರೆಯಾದ ಮೇಲೆ ಅದನ್ನು ವಿದ್ಯಾವಂತ ನ್ಯಾಯಮೂರ್ತಿಗಳು ಶಾಸನದ ವ್ಯಾಖ್ಯೆಯಿಂದ ಮರಳಿ ಪಡೆಯಬೇಕಾಯಿತು. ಸರಕನ್ನು ಮೆಚ್ಚುವವರಾಗಲಿ ಖಂಡಿಸುವವರಾಗಲಿ ಮೊದಲು ಎಲೆಯನ್ನು ತೆನೆಯಿಂದ ಬಿಡಿಸಿ ನೋಡಲು ಕಲಿಯಬೇಕು. ನ್ಯಾಯವಾಗಿ ತೂಗುವುದು ಅಲ್ಲಿಂದ ಮೊದಲಾಗುತ್ತದೆ.