ಮಾರಿಗಿಂತ ಮೊದಲು ಮೈ

ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ಕೂಡುವ ಮಕ್ಕಳು ಪೆನ್ಸಿಲ್ ಹಿಡಿದ ಕೂಡಲೇ ಕೇಳುವುದು ಒಂದೇ ಮಾತು: ‘ಸರ, ಮೊದ್ಲ ಮಾರಿ ತಗೀಲ್ರಿ?’ ಬೇಡ ಅನ್ನುತ್ತೇನೆ. ಮಾರಿ ಕೊನೆಗಿರಲಿ. ಆ ಮನುಷ್ಯನ ಭಾರ ನೆಲದ ಮೇಲೆ ಎಲ್ಲಿ ಬಿದ್ದಿದೆ, ಮೊದಲು ಅದನ್ನು ಹುಡುಕಬೇಕು.

ಸಿಂದಗಿಯಲ್ಲಿ ಚಿತ್ರ ಕಲಿಸುವ ನಾನು ಇದನ್ನು ಅರಿತದ್ದು ಹೆಚ್ಚಾಗಿ ಇಂಡಿಯ ಲಿಂಬೆ ಮಾರುಕಟ್ಟೆಯಲ್ಲಿ. ಬೆನ್ನ ಮೇಲೆ ಚೀಲ ಹೊತ್ತ ಹಮಾಲ ನೆಟ್ಟಗೆ ನಿಂತರೆ ಹಿಂದಕ್ಕೆ ಬೀಳುತ್ತಾನೆ. ಅದಕ್ಕೇ ಎದೆ ಮುಂದೆ ಬಾಗುತ್ತದೆ, ಮೊಣಕಾಲು ತುಸು ಮಡಿಯುತ್ತದೆ, ಮೈಭಾರವೂ ಚೀಲದ ಭಾರವೂ ಕೂಡಿ ಪಾದಕ್ಕೆ ಇಳಿಯುತ್ತದೆ. ತಲೆಯ ಮೇಲೆ ಬುಟ್ಟಿ ಹೊತ್ತವಳಿಗೆ ಬಾಗುವ ಹಾಗೇ ಇಲ್ಲ. ಕುತ್ತಿಗೆ, ಬೆನ್ನು ಒಂದೇ ಗೆರೆ. ಕೊಡವನ್ನು ಸೊಂಟಕ್ಕಿಟ್ಟವಳ ಸೊಂಟ ಕೊಡದ ಕಡೆ ಹೊರಬಂದು, ಭುಜ ಇನ್ನೊಂದು ಕಡೆ ವಾಲುತ್ತದೆ. ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಂತವನ ಕೊರಳ ಕುಳಿಯಿಂದ ದಾರ ಇಳಿಬಿಟ್ಟರೆ ಅದು ಆ ಕಾಲಿನ ಹರಡಿನ ಹತ್ತಿರ ಬರುತ್ತದೆ. ಇಲ್ಲಿ ತಪ್ಪಿದರೆ ಕಣ್ಣು ಮೂಗು ಎಷ್ಟು ಚೆಂದ ಬಂದರೂ ಚಿತ್ರದ ಮನುಷ್ಯ ನಿಲ್ಲುವುದಿಲ್ಲ.

ಅಳತೆಗಳೇನೋ ಇವೆ. ಶಿಲ್ಪಶಾಸ್ತ್ರದ ನವತಾಳ ಮೂರ್ತಿಗೆ 108 ಅಂಗುಲ, ತಾಳವೊಂದಕ್ಕೆ 12. ಆರ್ಟ್ ಸ್ಕೂಲಿನ ಲೆಕ್ಕದಲ್ಲಿ ನಿಂತ ಮನುಷ್ಯ ಏಳೂವರೆ ತಲೆ. ಆದರೆ ಬಸವನ ಬಾಗೇವಾಡಿಯ ಗುಡಿಕಟ್ಟೆಯಲ್ಲಿ, ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನಲ್ಲಿ ಕಾಣುವವರು ಹೆಚ್ಚಾಗಿ ಕೂತವರು. ಚಕ್ಕಳಮಕ್ಕಳ ಹಾಕಿ ಕೂತರೆ ಸುಮಾರು ನಾಲ್ಕು ತಲೆ. ಕುಕ್ಕರಗಾಲಲ್ಲಿ ಕೂತ ರೈತನಿಗೆ ಈ ಯಾವ ಲೆಕ್ಕವೂ ಒಗ್ಗುವುದಿಲ್ಲ, ಕಣ್ಣೇ ಗತಿ. ಧೋತರ ಮೈ ಮುಚ್ಚುತ್ತದೆ ಎಂದು ಹೆದರಬೇಕಿಲ್ಲ. ಬಟ್ಟೆ ಮೊಣಕಾಲಲ್ಲಿ ಬಿಗಿದು, ಅಲ್ಲಿಂದ ಸಡಿಲವಾಗಿ ಇಳಿಯುತ್ತದೆ. ಎಲುಬು ಎಲ್ಲಿದೆ ಎಂದು ಆ ನಿರಿಗೆಯೇ ಹೇಳುತ್ತದೆ. ಇಳಕಲ್ ಸೀರೆಯ ಸೆರಗು ಭುಜದಿಂದ ಇಳಿಯುವ ರೀತಿಯೂ ಹಾಗೇ.

ನೆರೆಯ ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಕಲಾವಿದ ಎಸ್.ಎಂ. ಪಂಡಿತರು ಶಂಕರರಾವ್ ಆಳಂದಕರ ಅವರಲ್ಲಿ ಚಿತ್ರಕಲೆ ಶುರುಮಾಡಿ, ಮದ್ರಾಸಿನಲ್ಲಿ ಓದಿ, ಮುಂಬಯಿಯಲ್ಲಿ ದಂಡಾವತಿಮಠರ ನೂತನ ಕಲಾ ಮಂದಿರ ಸೇರಿದರು. ಕ್ಯಾಲೆಂಡರಿಗೆ ಬರೆದ ಅವರ ದೇವರ ತೋಳಿನಲ್ಲೂ ಸ್ನಾಯು ಬಿಗಿದಿರುತ್ತದೆ, ಕಾಲು ನೆಲ ಊರಿರುತ್ತದೆ. ಕಲಾವಿದ ಕೆ.ಕೆ. ಹೆಬ್ಬಾರರದು ಬೇರೆ ದಾರಿ. ರೇಖೆಯ ಲಯಕ್ಕಾಗಿ ಅವರು ಕಥಕ್ ಕಲಿತರು. ನಾಲ್ಕಾರು ಗೆರೆಗಳಲ್ಲೇ ನರ್ತಕಿಯನ್ನು ನಿಲ್ಲಿಸುತ್ತಿದ್ದರು. ನನ್ನ ಮನಸ್ಸು ಹೆಬ್ಬಾರರ ಕಡೆಗೇ ಹೆಚ್ಚು, ಆದರೂ ಕಲಿಯುವವರಿಗೆ ಮೊದಲು ಪಂಡಿತರನ್ನೇ ತೋರಿಸುತ್ತೇನೆ.

ಇನ್ನೂ ಹತ್ತಿರದ ಪಾಠ ಕುಮಟಗಿಯಲ್ಲಿದೆ. ಅಲ್ಲಿನ ಆದಿಲಶಾಹಿ ಕಾಲದ ಜಲಮಂಟಪದ ಗೋಡೆಯಲ್ಲಿ ಕುದುರೆಯೇರಿ ಪೋಲೋ ಆಡುವವರ ಚಿತ್ರ ಮಾಸಿದರೂ ಇದೆ. ಕುದುರೆಯ ಮೇಲೆ ಕೂತವರ ಭಾರ ಎಲ್ಲಿ ಬಿದ್ದಿದೆ ಎಂದು ಅಲ್ಲಿ ಹುಡುಕಿ.

ಮೊಬೈಲಿನ ಫೋಟೋ ಎದುರಿಗಿಟ್ಟು ಮಾರಿ ನಕಲು ಮಾಡುವ ಮಕ್ಕಳಲ್ಲಿ ನನ್ನದೊಂದು ಮನವಿ: ಈ ವಾರ ಜೋಳ ಹಸನು ಮಾಡುತ್ತ ಕೂತ ನಿಮ್ಮ ಆಯಿಯ ಎದುರು ಹಾಳೆ ಹಿಡಿದು ಕೂಡಿ. ರಬ್ಬರು ಬೇಡ.