ಟ್ಯಾಂಕಿನೊಳಗಿನ ಲೆಕ್ಕ

ಯಲಹಂಕದ ಪುಟ್ಟೇನಹಳ್ಳಿಯಿಂದ ದೊಡ್ಡಬಳ್ಳಾಪುರ ರಸ್ತೆ ಸೇರುವಷ್ಟರಲ್ಲಿ ಒಂದಾದರೂ ಯಮಹಾ ಆರ್‌ಎಕ್ಸ್ 100 ಸದ್ದು ಕಿವಿಗೆ ಬೀಳುತ್ತದೆ. 1985ರಲ್ಲಿ ಎಸ್ಕಾರ್ಟ್ಸ್ ಮಾರುಕಟ್ಟೆಗೆ ತಂದ ಗಾಡಿ ಇದು. 1996ರಲ್ಲೇ ತಯಾರಿಕೆ ನಿಂತರೂ ನಮ್ಮ ಹುಡುಗರು ಅದನ್ನು ಬಿಟ್ಟಿಲ್ಲ. ಮಡ್‌ಗಾರ್ಡ್ ಎತ್ತರಿಸಿ, ಹಲ್ಲು ಹಲ್ಲಾದ ಟೈರು ಹಾಕಿ, ಸೈಲೆನ್ಸರ್ ಬದಲಿಸಿ ಮಣ್ಣಿನ ಟ್ರ್ಯಾಕಿಗೆ ಇಳಿಸುತ್ತಾರೆ. ಹೀಗೆ ಮಾರ್ಪಡಿಸಿದ ಗಾಡಿ ಒಂದು ದಿನ ಓಡುತ್ತಿದ್ದಂತೆಯೇ ಗಕ್ಕನೆ ಹಿಡಿದುಕೊಂಡು ನಿಂತರೆ ‘ಎಂಜಿನ್ ಸೀಜ್ ಆಯ್ತು, ಜಾಸ್ತಿ ಎಳೆದುಬಿಟ್ಟೆ’ ಎನ್ನುವುದು ವಾಡಿಕೆ. ಆದರೆ ವೇಗವೊಂದೇ ಎಂಜಿನ್ನನ್ನು ಕೊಲ್ಲುವುದು ಕಡಿಮೆ. ಬಹುಪಾಲು ಸಲ ತಪ್ಪಿರುವುದು ಪೆಟ್ರೋಲ್, ಆಯಿಲ್, ಗಾಳಿಗಳ ಪ್ರಮಾಣ.

ಆರ್‌ಎಕ್ಸ್‌ನದು ಟೂ ಸ್ಟ್ರೋಕ್ ಎಂಜಿನ್. ಅದರಲ್ಲಿ ಪಿಸ್ಟನ್ನಿನ ಎರಡೂ ಕಡೆ ಕೆಲಸ ನಡೆಯುತ್ತದೆ. ಪಿಸ್ಟನ್ ಮೇಲೇರುವಾಗ ನೆತ್ತಿಯ ಮೇಲೆ ಗಾಳಿ-ಪೆಟ್ರೋಲ್ ಮಿಶ್ರಣ ಒತ್ತಿಕೊಳ್ಳುತ್ತದೆ. ಅದೇ ಹೊತ್ತಿಗೆ ಕೆಳಗಡೆ ಕ್ರ್ಯಾಂಕ್‌ಕೇಸಿನೊಳಗೆ ಹೊಸ ಮಿಶ್ರಣ ಎಳೆದುಕೊಳ್ಳುತ್ತದೆ. ಕಿಡಿ ಹತ್ತಿ ಪಿಸ್ಟನ್ ಕೆಳಗಿಳಿದಾಗ ಆ ಹೊಸ ಮಿಶ್ರಣ ಪಕ್ಕದ ಕಿಂಡಿಗಳಿಂದ ಮೇಲಕ್ಕೆ ನುಗ್ಗಿ, ಸುಟ್ಟ ಹೊಗೆಯನ್ನು ಹೊರದೂಡುತ್ತದೆ. ಕ್ಯಾಮ್ ಇಲ್ಲ, ಕ್ಯಾಮ್ ತಳ್ಳುವ ವಾಲ್ವೂ ಇಲ್ಲ, ಪ್ರತಿ ಸುತ್ತಿಗೂ ಒಂದು ಸ್ಫೋಟ. 98 ಸಿಸಿಯ ಪುಟ್ಟ ಎಂಜಿನ್ 11 ಅಶ್ವಶಕ್ತಿ ಕೊಡುವ ಗುಟ್ಟು ಇದೇ. ಆದರೆ ಹೊಸ ಮಿಶ್ರಣದ ಒಂದಷ್ಟು ಪಾಲು ಸುಡದೆ ಹೊಗೆಯ ಜೊತೆಗೇ ಹೊರಬೀಳುತ್ತದೆ. ಮಾಲಿನ್ಯದ ಕಾಯಿದೆ ಬಿಗಿಯಾದಂತೆ ಈ ಜಾತಿಯ ಬೈಕುಗಳು ಶೋರೂಮುಗಳಿಂದ ಮರೆಯಾಗಿದ್ದು ಅದಕ್ಕೇ.

ಕ್ರ್ಯಾಂಕ್‌ಕೇಸೇ ಮಿಶ್ರಣದ ದಾರಿಯಾದ್ದರಿಂದ ಫೋರ್ ಸ್ಟ್ರೋಕಿನಂತೆ ಅಲ್ಲಿ ಆಯಿಲ್ ತುಂಬಿಡಲು ಆಗುವುದಿಲ್ಲ. ಬೇರಿಂಗಿಗೂ ಪಿಸ್ಟನ್ನಿಗೂ ಜಿಡ್ಡು ಸಿಗಬೇಕಾದರೆ ಅದು ಒಳಬರುವ ಪೆಟ್ರೋಲಿನ ಜೊತೆಗೇ ಬರಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿಗಳನ್ನು ಓಡಿಸಿದವರು ಬಂಕಿನಲ್ಲೇ ಪೆಟ್ರೋಲಿಗೆ ಆಯಿಲ್ ಬೆರೆಸಿಕೊಳ್ಳುತ್ತಿದ್ದರು. ಆರ್‌ಎಕ್ಸ್‌ನಲ್ಲಿ ಬೇರೆ ಟ್ಯಾಂಕಿನಿಂದ ಆಯಿಲ್ ಕಳಿಸುವ ಪಂಪು ಉಂಟು. ಟ್ರ್ಯಾಕಿಗೆ ಸಿದ್ಧಮಾಡುವವರಲ್ಲಿ ಹಲವರು ಆ ಪಂಪು ತೆಗೆದು, ಹಳೆಯ ಪದ್ಧತಿಯಂತೆ ಕೈಯಾರೆ ಬೆರೆಸುತ್ತಾರೆ.

ಬೆರೆಸುವಾಗ ಅಂದಾಜು ನಡೆಯದು. ನಲವತ್ತಕ್ಕೆ ಒಂದು ಎಂದರೆ ಲೀಟರ್ ಪೆಟ್ರೋಲಿಗೆ 25 ಮಿಲಿಲೀಟರ್ ಟೂ-ಟಿ ಆಯಿಲ್. ಮೂವತ್ತೆರಡಕ್ಕೆ ಒಂದು ಎಂದರೆ ಸುಮಾರು 31. ಅಳತೆಗೆ ಔಷಧಿ ಅಂಗಡಿಯ ಸಿರಿಂಜ್ ಸಾಕು. ಮೊದಲು ಕ್ಯಾನಿನಲ್ಲಿ ಬೆರೆಸಿ, ಚೆನ್ನಾಗಿ ಕುಲುಕಿ, ಆಮೇಲೆ ಟ್ಯಾಂಕಿಗೆ ಸುರಿಯಬೇಕು. ‘ಎಂಜಿನ್ ಭದ್ರವಾಗಿರಲಿ’ ಎಂದು ಒಂದಿಷ್ಟು ಆಯಿಲ್ ಹೆಚ್ಚಿಗೆ ಹಾಕುವವರಿದ್ದಾರೆ. ಆದರೆ ಕಾರ್ಬುರೇಟರಿನ ಜೆಟ್ ಒಂದು ಸಣ್ಣ ತೂತು, ಅದರಿಂದ ಹಾಯುವ ದ್ರವಕ್ಕೆ ಮಿತಿಯಿದೆ. ಆ ದ್ರವದಲ್ಲಿ ಆಯಿಲಿನ ಪಾಲು ಹೆಚ್ಚಿದರೆ ಪೆಟ್ರೋಲಿನ ಪಾಲು ತಗ್ಗುತ್ತದೆ. ಗಾಳಿ ಅಷ್ಟೇ ಇದ್ದು ಪೆಟ್ರೋಲ್ ಕಡಿಮೆಯಾದಾಗ ಮಿಶ್ರಣ ತೆಳುವಾಗಿ ಎಂಜಿನ್ ಇನ್ನಷ್ಟು ಕಾಯುತ್ತದೆ. ಅಲ್ಯೂಮಿನಿಯಂ ಪಿಸ್ಟನ್ ಸಿಲಿಂಡರಿನ ಕಬ್ಬಿಣದ ಗೋಡೆಗಿಂತ ಹೆಚ್ಚು ಹಿಗ್ಗುತ್ತದೆ, ನಡುವಿನ ಜಿಡ್ಡಿನ ಪೊರೆ ಹರಿಯುತ್ತದೆ, ಪಿಸ್ಟನ್ ಗೋಡೆಯನ್ನು ಕಚ್ಚಿಕೊಳ್ಳುತ್ತದೆ. ಆಯಿಲಿನ ಪ್ರಮಾಣ ಬದಲಿಸಿದಾಗ ಜೆಟ್ ಕೂಡ ನೋಡಬೇಕಾದ್ದು ಇದಕ್ಕೇ.

ಈಗ ಪೆಟ್ರೋಲೇ ಬದಲಾಗಿದೆ. 2023ರ ಫೆಬ್ರುವರಿ 6ರಂದು ಬೆಂಗಳೂರಿನ ತುಮಕೂರು ರಸ್ತೆಯ ವಸ್ತುಪ್ರದರ್ಶನ ಕೇಂದ್ರದಲ್ಲಿ, ಶೇಕಡ 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟರು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲಿಗೆ 9 ಕಿಲೋ ಸಾಕು. ಹಳೆಯ ಜೆಟ್ಟಿಗೆ ಇದೊಂದೂ ಗೊತ್ತಾಗುವುದಿಲ್ಲ, ಅದು ಮೊದಲಿನಷ್ಟೇ ಬಿಡುತ್ತದೆ. ಹಾಗಾಗಿ ಇ20 ಹಾಕಿದ ಹಳೆಯ ಗಾಡಿ ತೆಳು ಮಿಶ್ರಣದಲ್ಲೇ ಓಡುತ್ತದೆ, ಮೇನ್ ಜೆಟ್ಟನ್ನು ಒಂದೆರಡು ನಂಬರ್ ದೊಡ್ಡದು ಮಾಡಬೇಕಾಗಬಹುದು. ಎಥನಾಲಿಗೆ ನೀರೆಂದರೆ ಬಲು ಆಸೆ. ಮಳೆಗಾಲದಲ್ಲಿ ಅರೆ ತುಂಬಿದ ಟ್ಯಾಂಕನ್ನು ವಾರಗಟ್ಟಲೆ ಬಿಟ್ಟರೆ ಒಳಗೆ ಸೇರಿದ ನೀರನ್ನು ಹೀರಿಕೊಳ್ಳುತ್ತದೆ, ನೀರು ಮಿತಿಮೀರಿದರೆ ಎಥನಾಲೂ ನೀರೂ ಕೂಡಿ ಬೇರೆ ಪದರವಾಗಿ ತಳ ಸೇರುತ್ತವೆ. ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಎಂಜಿನ್ ಮೊದಲು ಕುಡಿಯುವುದು ತಳದ ಪದರವನ್ನು, ಅದರಲ್ಲಿ ಜಿಡ್ಡೇ ಇಲ್ಲ. ಬೇಕಾದಷ್ಟನ್ನೇ ಬೆರೆಸಿ ಬೇಗ ಮುಗಿಸಿ; ಗಾಡಿ ನಿಲ್ಲಿಸಿಡುವ ಮುಂಚೆ ಟ್ಯಾಂಕನ್ನೂ ಕಾರ್ಬುರೇಟರಿನ ಬಟ್ಟಲನ್ನೂ ಖಾಲಿ ಮಾಡಿ. ಹಳೆಯ ರಬ್ಬರ್ ಪೈಪು, ಸೀಲುಗಳನ್ನೂ ಎಥನಾಲ್ ಕೆಡಿಸುತ್ತದೆ. ಕಾರ್ಬುರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರ್ ಬಿರುಕು ಬಿಟ್ಟರೆ ಅಲ್ಲಿಂದಲೂ ಕಳ್ಳಗಾಳಿ ನುಗ್ಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನಿನ ಸದ್ದು ಇಳಿಯದೆ ಮೇಲೇ ನಿಂತರೆ ಮೊದಲ ಅನುಮಾನ ಅದರ ಮೇಲಿರಲಿ.

ಸೈಲೆನ್ಸರ್ ಬದಲಿಸಿದ ಗಾಡಿಗೆ ಜೆಟ್ ಲೆಕ್ಕ ಇನ್ನೂ ಸೂಕ್ಷ್ಮ. ಟೂ ಸ್ಟ್ರೋಕಿನ ಹೊಟ್ಟೆ ಉಬ್ಬಿದ ಸೈಲೆನ್ಸರ್ ಬರೀ ಹೊಗೆಯ ಕೊಳವೆಯಲ್ಲ. ಪೂರ್ವ ಜರ್ಮನಿಯ ಎಂಜಡ್ (MZ) ಬೈಕ್ ಕಂಪನಿಯಲ್ಲಿ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ ಪಳಗಿಸಿದ ವಿದ್ಯೆ ಅದು. ಹೊರಟ ಒತ್ತಡದ ಅಲೆ ಅಗಲವಾಗುವ ಭಾಗ ದಾಟುವಾಗ ಹಿಂದಕ್ಕೆ ಸೆಳೆತವನ್ನು ಕಳಿಸಿ ಹೊಗೆಯನ್ನು ಎಳೆಯುತ್ತದೆ. ಕಿರಿದಾಗುವ ಭಾಗಕ್ಕೆ ಬಡಿದು ಮರಳಿ, ಸಿಲಿಂಡರಿನಿಂದ ತಪ್ಪಿಸಿಕೊಳ್ಳುತ್ತಿದ್ದ ಹೊಸ ಮಿಶ್ರಣವನ್ನು ಒಳಕ್ಕೆ ನೂಕುತ್ತದೆ. ಕೆಲವೇ ವೇಗಗಳಲ್ಲಿ ಈ ಅಲೆಗಳು ಸರಿಯಾದ ಹೊತ್ತಿಗೆ ಮರಳುತ್ತವೆ. ಗಾಡಿ ಇದ್ದಕ್ಕಿದ್ದಂತೆ ಚಿಮ್ಮುವುದು ಆಗಲೇ. ಗಾಳಿಯೂ ಆಗಲೇ ಹೆಚ್ಚು ಬೇಕಾಗುತ್ತದೆ, ಪೆಟ್ರೋಲೂ.

ಪ್ರಮಾಣ ಸರಿಯಿದೆಯೇ ಎಂಬುದನ್ನು ಸ್ಪಾರ್ಕ್ ಪ್ಲಗ್ ಹೇಳುತ್ತದೆ. ಟ್ರ್ಯಾಕಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟು ಓಡಿಸಿ, ಹಾಗೇ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ ಪ್ಲಗ್ ಬಿಚ್ಚಿ ನೋಡಿ. ನಡುವಿನ ಪಿಂಗಾಣಿ ಬಿಸ್ಕತ್ತಿನ ಕಂದು ಬಣ್ಣಕ್ಕಿದ್ದರೆ ನೆಮ್ಮದಿ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲೋ ಆಯಿಲೋ ಜಾಸ್ತಿ. ಸುಣ್ಣದಂತೆ ಬೆಳ್ಳಗಿದ್ದು, ಅದರ ಮೇಲೆ ಸೂಜಿಮೊನೆಯಷ್ಟು ಹೊಳೆಯುವ ಚುಕ್ಕೆಗಳಿದ್ದರೆ ಗಾಡಿಯನ್ನು ತಳ್ಳಿಕೊಂಡೇ ಮನೆಗೆ ತನ್ನಿ. ಆ ಚುಕ್ಕೆಗಳು ಕರಗಿ ಹಾರಿದ ಪಿಸ್ಟನ್ನಿನ ಅಲ್ಯೂಮಿನಿಯಂ. ಏರ್ ಫಿಲ್ಟರಿನ ಸ್ಪಂಜನ್ನು ಪ್ರತಿ ಓಟದ ಬಳಿಕ ತೊಳೆದು, ಒಣಗಿಸಿ, ತುಸು ಆಯಿಲ್ ಹಚ್ಚಿ ಹಿಂಡಿ ಹಾಕಬೇಕು. ಇಲ್ಲದಿದ್ದರೆ ನಮ್ಮ ಕೆಂಪುಮಣ್ಣಿನ ಧೂಳು ರಿಂಗುಗಳನ್ನು ಉಜ್ಜಿ ತಿನ್ನುತ್ತದೆ.

ಇಂಥ ಗಾಡಿಗೆ ಜಾಗ ಟ್ರ್ಯಾಕೇ. ನೋಂದಣಿಯಲ್ಲಿರುವ ವಿವರಕ್ಕೆ ವಿರುದ್ಧವಾಗಿ ಮಾರ್ಪಡಿಸಿದ ವಾಹನವನ್ನು ಮೋಟಾರು ವಾಹನ ಕಾಯಿದೆಯ 52ನೇ ಕಲಂ ಒಪ್ಪುವುದಿಲ್ಲ. ಪುಟ್ಟೇನಹಳ್ಳಿ ಕೆರೆಯಂತೂ ಪಕ್ಷಿ ಸಂರಕ್ಷಣಾ ಮೀಸಲು. ಗೂಡು ಕಟ್ಟುವ ಹಕ್ಕಿಗಳ ಪಕ್ಕದಲ್ಲಿ ಬರಿದಾದ ಸೈಲೆನ್ಸರ್ ಗುಡುಗಿಸುವುದು ನಾನು ಸಹಿಸದ ಮಾತು.

ಸ್ಪರ್ಧೆಗೆಂದು ಗಾಡಿಯನ್ನು ಕರಾವಳಿಗೆ ಒಯ್ಯುವವರಿಗೆ ಇನ್ನೊಂದು ವಿಷಯ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ಮಂಗಳೂರಿನದಕ್ಕಿಂತ ತೆಳು. ಇಲ್ಲಿ ಪ್ಲಗ್ ಕಂದಾಗುವಂತೆ ಕೂರಿಸಿದ ಜೆಟ್ ಅಲ್ಲಿ ದಟ್ಟ ಗಾಳಿಗೆ ಸಾಲದಾಗುತ್ತದೆ. ಓಡಿಸಿಕೊಂಡೇ ಘಾಟಿ ಇಳಿದರೆ ಅಪಾಯ ಅದಕ್ಕೂ ಮುಂಚೆಯೇ ಕಾದಿದೆ: ಆಕ್ಸಿಲರೇಟರ್ ಬಿಟ್ಟು ಗೇರಿನ ಹಿಡಿತದಲ್ಲೇ ಇಳಿಯುವಾಗ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲ್ ಬರುವುದು ತೀರಾ ಕಡಿಮೆ, ಅದರ ಜೊತೆ ಬರಬೇಕಾದ ಜಿಡ್ಡೂ ಅಷ್ಟೇ ಕಡಿಮೆ. ಆಗಾಗ ಕ್ಲಚ್ ಹಿಡಿದು ಒಂದೆರಡು ಸಲ ಆಕ್ಸಿಲರೇಟರ್ ತಿರುವಿ, ಬ್ರೇಕಿನ ಮೇಲೆ ಇಳಿಯಿರಿ. ಗಾಡಿಯನ್ನು ಟೆಂಪೊದಲ್ಲಿ ಹಾಕಿ ಒಯ್ದರೆ ಇನ್ನೂ ಒಳ್ಳೆಯದು. ಕೆಳಗೆ ತಲುಪಿದ ಮೇಲೆ ದೊಡ್ಡ ಜೆಟ್ ಹಾಕಿ, ಒಂದು ಸುತ್ತು ಓಡಿಸಿ, ಮತ್ತೆ ಪ್ಲಗ್ ಬಿಚ್ಚಿ ನೋಡಿ.